ಸಬ್ಸಿಡಿ ದೇವದುರ್ಗಕ್ಕೆ, ಮಿಲ್ಲು ರಾಯಚೂರಿಗೆ!

ಹೋದ ಸುಗ್ಗಿಯಲ್ಲಿ ದೇವದುರ್ಗದ ಕಡೆಯಿಂದ ರಾಯಚೂರಿಗೆ ಹತ್ತಿ ಒಯ್ದಿದ್ದೆ. ಗಾಡಿ ಬಾಡಿಗೆ, ಹಮಾಲಿ, ಎರಡು ಹೊತ್ತಿನ ಊಟ, ಎಲ್ಲ ನನ್ನ ತಲೆಯ ಮೇಲೇ. ತೂಕಕ್ಕೆ ಕಾಯುತ್ತಾ ಪರಿಚಯದ ಜಿನ್ನಿಂಗ್ ಮಿಲ್ಲಿನವರನ್ನು ಕೇಳಿದೆ: "ಸಾವ್ಕಾರ್ರ, ಹಿಂದುಳಿದ ತಾಲೂಕಿಗೆ ಸರಕಾರ ಜಾಸ್ತಿ ಸಬ್ಸಿಡಿ ಕೊಡ್ತದಂತ. ನಮ್ಮ ಕಡೆ ಯಾಕ ಮಿಲ್ ಹಾಕಂಗಿಲ್ರಿ?"

"ಸಬ್ಸಿಡಿ ಒಮ್ಮೆ ಬರ್ತದ ಗೌಡ್ರ, ಖರ್ಚು ದಿನಾ ಬರ್ತದ" ಅಂದರು.

ಯೋಚಿಸಿದರೆ ಅವರ ಲೆಕ್ಕ ಸುಳ್ಳಲ್ಲ. 2002ರ ನಂಜುಂಡಪ್ಪ ವರದಿಯ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇವೆ. 2025-30ರ ಕೈಗಾರಿಕಾ ನೀತಿಯೂ ಹಿಂದುಳಿದ ತಾಲೂಕುಗಳಿಗೆ ಹೆಚ್ಚಿನ ರಿಯಾಯಿತಿ ಹೇಳುತ್ತದೆ. ಕೈಯಲ್ಲಿ ಬಂಡವಾಳ ಕಡಿಮೆ ಇರುವ ಸಣ್ಣ ಕಂಪನಿಗೆ ಇದರ ಆಸೆ ಸಹಜ. ಆದರೆ ಬಂಡವಾಳದ ಸಬ್ಸಿಡಿ ಸಾಮಾನ್ಯವಾಗಿ ಕೈಗೆ ಬರುವುದು ಉತ್ಪಾದನೆ ಶುರುವಾದ ಮೇಲೆ. ಅಲ್ಲಿತನಕ ಬ್ಯಾಂಕಿನ ಬಡ್ಡಿ ಕಟ್ಟಬೇಕು. ರಾಯಚೂರಿನಲ್ಲಿ ಮುಂಬೈ-ಚೆನ್ನೈ ರೈಲು ಮಾರ್ಗ, ದೊಡ್ಡ ಮಾರುಕಟ್ಟೆ, ಮಷಿನ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಬರುವ ಫಿಟ್ಟರ್ ಇದ್ದಾರೆ. ದೇವದುರ್ಗಕ್ಕೆ ರೈಲೇ ಇಲ್ಲ.

2003ರಲ್ಲಿ ಕೇಂದ್ರ ಸರಕಾರ ಹಿಮಾಚಲಕ್ಕೆ ಹತ್ತು ವರ್ಷದ ಅಬಕಾರಿ ಸುಂಕ ವಿನಾಯಿತಿ ಕೊಟ್ಟಿತು. ಔಷಧಿ ಕಂಪನಿಗಳು ಹಿಂಡುಹಿಂಡಾಗಿ ಹೋದವು. ಎಲ್ಲಿಗೆ? ಗುಡ್ಡದ ಮೇಲಲ್ಲ, ಹರಿಯಾಣದ ಗಡಿಗೆ ಅಂಟಿಕೊಂಡ ಬದ್ದಿಗೆ! ಸಬ್ಸಿಡಿ ರಾಜ್ಯವನ್ನು ಆರಿಸಿತು, ರಸ್ತೆ ಊರನ್ನು ಆರಿಸಿತು.

ನಾವೇನು ಕಡಿಮೆಯೇ? ಕೃಷಿಭಾಗ್ಯದಲ್ಲಿ ಸಬ್ಸಿಡಿ ಸಿಗುತ್ತದೆಂದು ನಾನು ಹೊಂಡ ತೋಡಿಸಿದೆ. ಜೆಸಿಬಿ ಸುಲಭವಾಗಿ ಬರುವ ಜಾಗ ನೋಡಿದೆ, ಇಳಿಜಾರು ನೋಡಲಿಲ್ಲ. ಮಳೆನೀರು ಮಗ್ಗುಲಲ್ಲೇ ಹರಿದುಹೋಯಿತು.

ಮಾನ್ವಿ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಭತ್ತ ಬಂತು, ಬೆನ್ನಿಗೇ ಅಕ್ಕಿ ಗಿರಣಿಗಳು ಬಂದವು. ಗಿರಣಿಯನ್ನು ಮೊದಲು ಕರೆದದ್ದು ಭತ್ತ. ದೇವದುರ್ಗದಲ್ಲೂ ಹತ್ತಿ ಇದೆ, ಮೆಣಸಿನಕಾಯಿ ಇದೆ. ಆದರೆ ಮನೆಗೊಂದರಂತೆ ಚದುರಿದೆ. ಒಬ್ಬೊಬ್ಬರ ಬಾಗಿಲಿಗೆ ಹೋಗಿ ನಾಲ್ಕು ಕ್ವಿಂಟಲ್ ಕೂಡಿಸಲು ಯಾವ ಮಿಲ್ಲಿನವರಿಗೂ ಪುರಸೊತ್ತಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸರಕಾರ ರಿಯಾಯಿತಿಯ ಜೊತೆಗೆ, ಸಾಧ್ಯವಾದರೆ ಅದಕ್ಕೂ ಮೊದಲು, ತಪ್ಪದ ಕರೆಂಟು, ಲಾರಿ ಓಡುವ ರಸ್ತೆ, ಗೋದಾಮು ಕೊಡಲಿ. ಸಬ್ಸಿಡಿ ಪಡೆದ ಘಟಕ ಆ ತಾಲೂಕಿನ ಮಾಲನ್ನೇ ಇಂತಿಷ್ಟು ಕೊಳ್ಳಬೇಕೆಂದು ಷರತ್ತು ಹಾಕಲಿ. ಇಲ್ಲದಿದ್ದರೆ ಶೆಡ್ಡು ನಮ್ಮೂರಲ್ಲಿ, ವ್ಯಾಪಾರ ಬೇರೆ ಊರಲ್ಲಿ ಆದೀತು.

ನಮ್ಮ ಪಾಲಿನ ಕೆಲಸವೂ ಇದೆ. ಹತ್ತು ಮನೆಯವರು ಹತ್ತಿ ಒಂದೆಡೆ ಕೂಡಿಸಿ, ಒಂದೇ ಲಾರಿ ಮಾಡಿ ಕಳಿಸೋಣ. ಬಾಡಿಗೆಯಂತೂ ಉಳಿಯುತ್ತದೆ. ಮಾಲು ರಾಶಿಯಾಗಿ ಕಂಡರೆ ಮಿಲ್ಲಿನವರು ತಾವಾಗಿ ವಿಚಾರಿಸಿಕೊಂಡು ಬಂದಾರು. ಈ ಸುಗ್ಗಿಗೆ ನಮ್ಮ ಓಣಿಯ ಆರು ಮನೆಯವರು ಒಪ್ಪಿದ್ದಾರೆ. ನೀವೇನಂತೀರಿ?