ಕೂಸಿನ ಹಿಮ್ಮಡಿಯ ಒಂದು ಹನಿ ರಕ್ತ

“ಹುಟ್ಟಿ ಮೂರು ದಿನವಾಗಿಲ್ಲ, ಆಗಲೇ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಬೇಕೇ?” ಎಂದು ಅಜ್ಜಿಯರು ಸಿಡುಕುವುದುಂಟು. ಚುಚ್ಚಲೇಬೇಕಮ್ಮ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಮಗುವಿನ ಬುದ್ಧಿ ಬೆಳೆಯದು. ನಮ್ಮ ದೇಶದಲ್ಲಿ ಸುಮಾರು ಸಾವಿರಕ್ಕೊಂದು ಮಗುವಿಗೆ ಈ ಕೊರತೆಯುಂಟು. ತಾಯಿಯಿಂದ ಬಂದ ಹಾರ್ಮೋನಿನ ಬಲದಿಂದ ಹುಟ್ಟಿದಾಗ ಅದು ಕಣ್ಣಿಗೆ ಕಾಣಿಸುವುದಿಲ್ಲ. “ನಮ್ಮ ಪಾಪು ಅಳೋದೇ ಇಲ್ಲ, ಬಲು ಸಾಧು” ಎಂದು ಹೊಗಳಿಸಿಕೊಂಡ ಕೂಸಿಗೇ ಇರಬಹುದು!

ರಕ್ತದಲ್ಲಿ ಸಾಮಾನ್ಯವಾಗಿ ನೋಡುವುದು ಟಿ.ಎಸ್.ಎಚ್. ಎಂಬ ಅಂಶವನ್ನು. ಗ್ರಂಥಿ ಮಂದವಾದರೆ ಇದು ಏರುತ್ತದೆ. ಆದರೆ ಆರೋಗ್ಯವಾಗಿರುವ ಮಗುವಿನಲ್ಲೂ ಹುಟ್ಟಿದ ಅರ್ಧ ಗಂಟೆಯಲ್ಲಿ ಇದು ಜಿಗಿದು, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಆದ್ದರಿಂದ ಹಿಮ್ಮಡಿಯ ರಕ್ತ ತೆಗೆಯಲು 48ರಿಂದ 72 ಗಂಟೆಯ ಹೊತ್ತು ಒಳ್ಳೆಯದು. ಅದಕ್ಕೂ ಮೊದಲೇ ಮನೆಗೆ ಹೊರಡುವವರು ರಕ್ತ ಕೊಡದೆ ಹೋಗಬೇಡಿ. ಮತ್ತೆ ಯಾವಾಗ ಬರಬೇಕೆಂದು ಕೇಳಿಕೊಳ್ಳಿ.

ಹೆರಿಗೆ ಹೇಗಾಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷಿಸುತ್ತಾರೆ. ನೋವು ಬಹಳ ಹೊತ್ತು ಎಳೆದಿದ್ದರೆ, ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಿ ತೆಗೆದಿದ್ದರೆ, ಮಗುವಿಗೆ ಉಸಿರು ಕಟ್ಟಿದ್ದರೆ ಅದರಲ್ಲಿ ಅಂಕಿ ಹೆಚ್ಚು ಬರಬಹುದು. ಹೆರಿಗೆಯ ವೇಳೆ ಹಚ್ಚುವ ಕಂದುಬಣ್ಣದ ಅಯೋಡಿನ್ ಔಷಧಿಯಿಂದಲೂ ಏರುವುದುಂಟು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳದ್ದು ತಿರುಗುಮುರುಗು: ಮೊದಲ ಸಲ ಸರಿಯಾಗಿ ಬಂದು ಆಮೇಲೆ ಏರಬಹುದು. ಅವಕ್ಕೆ 2ರಿಂದ 4 ವಾರದೊಳಗೆ ಇನ್ನೊಮ್ಮೆ ಪರೀಕ್ಷೆ ಬೇಕು.

ಅಂಕಿ ಹೆಚ್ಚಿದೆ ಎಂದು ಕರೆ ಬಂದರೆ ಗಾಬರಿಯಾಗಬೇಡಿ. “ಹೆರಿಗೆ ಕಷ್ಟವಾಗಿತ್ತಲ್ಲ, ಅದಕ್ಕೇ ಇರಬೇಕು” ಎಂದು ಸುಮ್ಮನಿರಲೂ ಬೇಡಿ. ಯಾವುದು ಹೆರಿಗೆಯ ಪರಿಣಾಮ, ಯಾವುದು ಕಾಯಿಲೆ ಎಂದು ತಿಳಿಯಲು ಎರಡನೆಯ ಪರೀಕ್ಷೆ ಬೇಕೇ ಬೇಕು. “ನಾಮಕರಣ ಮುಗೀಲಿ, ಆಮೇಲೆ ನೋಡೋಣ” ಅನ್ನಬೇಡಿ. ಕೊರತೆ ನಿಜವಾದರೆ ಎರಡು ವಾರದೊಳಗೆ ಔಷಧಿ ಶುರುವಾಗಬೇಕು. ಅಂಕಿ ತೀರಾ ಹೆಚ್ಚಿದ್ದರೆ ವೈದ್ಯರು ಅಂದೇ ಶುರುಮಾಡಬಹುದು.

ಔಷಧಿಯೇನೂ ದುಬಾರಿಯಲ್ಲ. ವೈದ್ಯರು ಹೇಳಿದಷ್ಟು ಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ, ಸ್ವಲ್ಪ ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿ ದಿನಕ್ಕೊಮ್ಮೆ ಕುಡಿಸಿದರಾಯಿತು. ವೇಳೆಗೆ ಸರಿಯಾಗಿ ಶುರುಮಾಡಿ, ತಪ್ಪದೆ ಕೊಟ್ಟರೆ ಮಗು ಓರಗೆಯ ಮಕ್ಕಳಂತೆ ಆಡಿ, ಓದಿ ಬೆಳೆಯುತ್ತದೆ.

ಎಲ್ಲ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ನೀವೇ ಬಾಯಿಬಿಟ್ಟು ಕೇಳಿ. ಬಾಣಂತನಕ್ಕೆ ತವರಿಗೆ ಹೋಗುವವರು ಅಲ್ಲಿನ ಫೋನ್ ನಂಬರನ್ನೂ ಬರೆಸಿ. ಆಸ್ಪತ್ರೆಯ ಕರೆ ಗಂಡನ ಮನೆಗೆ ಹೋಗಿ, ಕೂಸು ತವರಿನ ತೊಟ್ಟಿಲಲ್ಲಿ ಮಲಗಿರುವಂತಾಗಬಾರದು.