ಮಗುವಿನ ಗೋಣು ಹೊರಳಿ ನಿಂತಾಗ

ನೆಗಡಿ, ಗಂಟಲುನೋವು ಬಂದು ವಾರವಾಗಿರುತ್ತದೆ. ಜ್ವರ ಇಳಿದು ಮಗು ಇನ್ನೇನು ಶಾಲೆಗೆ ಹೊರಡಬೇಕು ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ತಲೆ ಒಂದು ಕಡೆಗೆ ವಾಲಿ, ಗದ್ದ ಇನ್ನೊಂದು ಕಡೆಗೆ ತಿರುಗಿ ನಿಂತುಬಿಡುತ್ತದೆ. ನೇರ ಮಾಡಲು ಹೋದರೆ ಅಳು. ‘ಗೋಣು ಹಿಡದದ, ತಲೆದಿಂಬು ಸರಿ ಇರಲಿಲ್ಲ’ ಎಂದು ಜೇವರ್ಗಿ ಸೀಮೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಎಷ್ಟೋ ಸಲ ಅದು ನಿಜವೇ. ಎರಡು ಮೂರು ದಿನಗಳಲ್ಲಿ ತಾನಾಗಿ ಬಿಡುತ್ತದೆ. ಬಿಡದಿದ್ದರೆ?

ಬೀಸುಕಲ್ಲನ್ನು ನೆನಪಿಸಿಕೊಳ್ಳಿ. ಕೆಳಕಲ್ಲಿನ ನಡುವೆ ಒಂದು ಗೂಟ, ಅದರ ಸುತ್ತ ಮೇಲ್ಕಲ್ಲು ತಿರುಗುತ್ತದೆ. ಕುತ್ತಿಗೆಯ ಏಳು ಮೂಳೆಗಳಲ್ಲಿ ಮೇಲಿನ ಎರಡರ ವ್ಯವಸ್ಥೆಯೂ ಹೀಗೆಯೇ. ಮೊದಲನೆಯದು ಬಳೆಯಂಥ ‘ಅಟ್ಲಾಸ್’; ಆಕಾಶ ಹೊತ್ತ ಗ್ರೀಕ್ ಪುರಾಣದ ದೈತ್ಯನ ಹೆಸರು ಅದಕ್ಕೆ. ಎರಡನೆಯದು ಗೂಟವಿರುವ ‘ಆಕ್ಸಿಸ್’. ನಾವು ತಲೆ ತಿರುಗಿಸುವುದರಲ್ಲಿ ಸುಮಾರು ಅರ್ಧದಷ್ಟು ತಿರುಗುವಿಕೆ ಈ ಒಂದೇ ಕೀಲಿನದು. ಮಕ್ಕಳಲ್ಲಿ ಇಲ್ಲಿನ ಕಟ್ಟುಗಳು ಸಡಿಲ, ತಲೆಯೋ ಮೈಗೆ ಹೋಲಿಸಿದರೆ ದೊಡ್ಡದು. ಗಂಟಲಿನ ಸೋಂಕಿನ ಉರಿಯೂತ ಹಿಂದಿರುವ ಈ ಕಟ್ಟುಗಳಿಗೂ ತಾಗಿದರೆ ಅವು ಮತ್ತಷ್ಟು ಸಡಿಲಗೊಂಡು, ತಿರುಗಿದ ಕೀಲು ತಿರುಗಿದಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಗ್ರಿಸೆಲ್ ಬೇನೆ ಎಂದು ಹೆಸರು. ಬಿದ್ದು ಪೆಟ್ಟಾದರೂ ಕೀಲು ಹೀಗೆ ಸಿಕ್ಕಿಕೊಳ್ಳಬಹುದು.

ಸಂತೋಷದ ಸಂಗತಿಯೆಂದರೆ, ಬೇಗ ಹೋದವರಿಗೆ ಸಾಮಾನ್ಯವಾಗಿ ಕತ್ತರಿ ಬೇಕಾಗುವುದಿಲ್ಲ. ಮೊದಲ ವಾರದಲ್ಲಾದರೆ ಮೆತ್ತನೆಯ ಕಾಲರ್, ವಿಶ್ರಾಂತಿ, ನೋವು–ಉರಿಯೂತದ ಔಷಧ, ಸೋಂಕಿದ್ದರೆ ಅದಕ್ಕೆ ಚಿಕಿತ್ಸೆ, ಇಷ್ಟೇ. ವಾರ ದಾಟಿದರೆ ಆಸ್ಪತ್ರೆಯಲ್ಲಿ ಮಲಗಿಸಿ, ಗದ್ದಕ್ಕೆ ಪಟ್ಟಿ ಹಾಕಿ, ಸಣ್ಣ ತೂಕದಿಂದ ಮೆಲ್ಲಗೆ ಎಳೆತ ಕೊಡುತ್ತಾರೆ. ಸ್ನಾಯು ಸಡಿಲಿಸುವ ಔಷಧವೂ ಜೊತೆಗಿರುತ್ತದೆ. ಕೀಲು ಸರಿಯಾದ ಮೇಲೂ ಕೆಲವು ವಾರ ಕಾಲರ್ ತಪ್ಪದು. ತಿಂಗಳು ಕಳೆದರೆ ಮಾತು ಬೇರೆ. ವೈದ್ಯರಾದ ಫೀಲ್ಡಿಂಗ್ ಮತ್ತು ಹಾಕಿನ್ಸ್ 1977ರಲ್ಲಿ ಇಂಥ ಕೀಲು ಬಿಡದೆ ಉಳಿದ 17 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ರೋಗ ಪತ್ತೆಯಾಗಲು ಸರಾಸರಿ ಹನ್ನೊಂದು ತಿಂಗಳಿಗೂ ಹೆಚ್ಚು ಹಿಡಿದಿತ್ತು. 13 ಜನರಿಗೆ ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯೇ ಬೇಕಾಯಿತು.

ಆದ್ದರಿಂದ ಎಣ್ಣೆ ಹಚ್ಚಿ ‘ನೆಟಿಗೆ’ ತೆಗೆಸುವ ಪದ್ಧತಿಯನ್ನು ಇಲ್ಲಿ ಖಂಡಿತ ಬಿಡಬೇಕು. ಬೆನ್ನುಹುರಿ ಆ ಬಳೆಯೊಳಗೇ ಇಳಿಯುತ್ತದೆ. ಸಡಿಲ ಕೀಲನ್ನು ಜೋರಾಗಿ ತಿರುವಿದರೆ ಕೈಕಾಲಿನ ಶಕ್ತಿಯೇ ಹೋದೀತು, ಜೀವಕ್ಕೂ ಅಪಾಯ. ತರಗತಿಯ ಗೆಳೆಯರು ತಮಾಷೆಗೆ ತಲೆ ನೇರ ಮಾಡಲು ಹೋಗುವುದೂ ಬೇಡ.

ಮೂರು ದಿನಗಳಲ್ಲಿ ಗೋಣು ಬಿಡದಿದ್ದರೆ ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಗಂಟಲುನೋವು ಬಂದದ್ದನ್ನು ಮರೆಯದೆ ಹೇಳಿ. ಸ್ಕ್ಯಾನ್ ಬೇಕೆಂದರೆ ಭೀಮಾ ದಾಟಿದರೆ ಕಲಬುರಗಿ. ಅಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕೈಕಾಲು ಜೋಮು, ತೂರಾಡುವ ನಡಿಗೆ, ಜೊಲ್ಲು ನುಂಗಲಾಗದಿರುವುದು, ಬಿಡದ ಜ್ವರ ಇವು ಕಂಡರೆ ಮೂರು ದಿನವೂ ಕಾಯಬಾರದು. ಗುಣವಾದ ಮೇಲೆ ಲಾಗ, ಕಬಡ್ಡಿ ಎಂದಿನಿಂದ ಎಂಬುದನ್ನು ವೈದ್ಯರನ್ನೇ ಕೇಳಿ, ಆಟದ ಮಾಸ್ತರರಿಗೂ ತಿಳಿಸಿ.