ಸಿಮ್ ಕೆಟ್ಟಿತೆನ್ನುವ ಮುನ್ನ



ರಾತ್ರಿ ಹನ್ನೊಂದಕ್ಕೆ ಮೂರು ಫೇಸ್ ವಿದ್ಯುತ್ ಬರುತ್ತದೆ. ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಪಂಪಿನ ಸ್ಟಾರ್ಟರಿಗೆ ಕರೆ ಮಾಡುತ್ತೀರಿ. ರಿಂಗಾಗುತ್ತದೆ, ಮೋಟಾರು ಮಾತ್ರ ಓಡುವುದಿಲ್ಲ. ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಗುಂಡಿ ಒತ್ತಿದರೆ ಸಲೀಸಾಗಿ ನೀರೆತ್ತುತ್ತದೆ! ನನಗೆ ಪರಿಚಯವಿರುವ ರೈತರೊಬ್ಬರಿಗೆ ಹೀಗಾಯಿತು. ಹಿಂದಿನ ದಿನ ಅವರ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿತ್ತು. ಅಂದಿನಿಂದ ಕರೆಗಳು ಮೊದಲನೆಯ ಸಿಮ್ಮಿನ ಬದಲು ಎರಡನೆಯದರಿಂದ ಹೋಗುತ್ತಿದ್ದುವು. ಇಂತಹ ಸ್ಟಾರ್ಟರುಗಳು ಸಾಮಾನ್ಯವಾಗಿ ತಮ್ಮಲ್ಲಿ ನೋಂದಾಯಿಸಿದ ನಂಬರಿಗೆ ಮಾತ್ರ ಓಗೊಡುತ್ತವೆ.

ಅವರು ಫೋನನ್ನು ಪೇಟೆಯ ಅಂಗಡಿಗೆ ಕೊಟ್ಟರು. ಅಂಗಡಿಯಾತ ಫ್ಯಾಕ್ಟರಿ ರೀಸೆಟ್ ಮಾಡಿದ. ಮೊಮ್ಮಗಳ ಫೋಟೋಗಳು, ಮಂಡಿಯ ಲೆಕ್ಕದ ಚೀಟಿಗಳ ಚಿತ್ರಗಳು, ಎಲ್ಲವೂ ಅಳಿಸಿಹೋದುವು. ಹಣ ಕಳುಹಿಸುವ ಆ್ಯಪನ್ನೂ ಹೊಸದಾಗಿ ನೋಂದಾಯಿಸಬೇಕಾಯಿತು. ಅರ್ಧ ನಿಮಿಷದ ಕೆಲಸಕ್ಕೆ ಇಷ್ಟು ದಂಡ!

ಅಪ್‌ಡೇಟ್ ಆದ ಮೇಲೆ ಸಿಮ್ ಕೆಟ್ಟಿತೆಂದು ಅಂಗಡಿಗೆ ಓಡುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ಬಹುಪಾಲು ಕೆಡುವುದು ಸಿಮ್ಮಲ್ಲ, ನಾವು ಮೊದಲು ಮಾಡಿಟ್ಟುಕೊಂಡಿದ್ದ ಆಯ್ಕೆಗಳು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಎಂಬ ಭಾಗವನ್ನು ತೆರೆಯಿರಿ. ಎರಡೂ ಸಿಮ್ ಆನ್ ಇವೆಯೇ, ಕರೆಗೆ ಯಾವುದು, ಇಂಟರ್ನೆಟ್ಟಿಗೆ ಯಾವುದು ಎಂದು ನೋಡಿರಿ. ಜಿಯೋ ಸಿಮ್ಮಿನಲ್ಲಿ ಇಂಟರ್ನೆಟ್ ಬಂದು ಕರೆ ಮಾತ್ರ ಹೋಗದಿದ್ದರೆ ವೋಲ್ಟಿ ಎಂಬ ಆಯ್ಕೆ ಮುಚ್ಚಿರಬಹುದು; ಆ ಕಂಪನಿಗೆ 2ಜಿ, 3ಜಿ ಇಲ್ಲದ ಕಾರಣ ಕರೆಯೂ 4ಜಿ, 5ಜಿಯಲ್ಲೇ ಹೋಗಬೇಕು. ನಿಮ್ಮೂರಿನ ಟವರು 2ಜಿ ಮಾತ್ರ ಕೊಡುತ್ತಿದ್ದು ಫೋನು 4ಜಿಯನ್ನೇ ಹುಡುಕುತ್ತಿದ್ದರೆ ಸಿಗ್ನಲ್ಲೇ ಬಾರದು. ನೆಟ್‌ವರ್ಕನ್ನು ಆಟೋ ಎಂದಿಡುವುದೇ ಒಳ್ಳೆಯದು.

ಇಷ್ಟಾದರೂ ಸರಿಹೋಗದಿದ್ದರೆ, ಮೊಳಕೆ ಬಾರದಾಗ ಬೀಜದ ದೋಷವೋ ಮಣ್ಣಿನ ದೋಷವೋ ಎಂದು ಅದೇ ಬೀಜವನ್ನು ಬೇರೆಡೆ ಹಾಕಿ ನೋಡುವುದಿಲ್ಲವೇ, ಹಾಗೆಯೇ ಮಾಡಿರಿ. ಫೋನನ್ನು ಆಫ್ ಮಾಡಿ ಸಿಮ್ಮುಗಳ ಜಾಗ ಅದಲು ಬದಲು ಮಾಡಿರಿ. ಒಂದು ಸಿಮ್ ಎಲ್ಲಿಟ್ಟರೂ ಸತ್ತಂತಿದ್ದರೆ ದೋಷ ಸಿಮ್ಮಿನದು. ಒಂದು ಜಾಗದಲ್ಲಿ ಯಾವ ಸಿಮ್ಮೂ ನಡೆಯದಿದ್ದರೆ ದೋಷ ಫೋನಿನದು. ಆಗ *#06# ಒತ್ತಿರಿ. ಎರಡು ಸಿಮ್ಮಿನ ಫೋನು 15 ಅಂಕಿಗಳ ಎರಡು ಐಎಂಇಐ ಸಂಖ್ಯೆ ತೋರಿಸಬೇಕು. ಒಂದು ಕಾಣದಿದ್ದರೆ ಅಥವಾ ಬರೀ ಸೊನ್ನೆಗಳಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗತಕ್ಕದ್ದು. ಜಾಗ ಬದಲಿಸಿದಾಗ ಬ್ಯಾಂಕಿನ ಆ್ಯಪ್ ಮತ್ತೆ ದೃಢೀಕರಣ ಕೇಳಬಹುದು, ಗಾಬರಿ ಬೇಡ. ಅಂಗಡಿಯವರು ರೀಸೆಟ್ ಎಂದರೆ ಯಾವ ರೀಸೆಟ್ ಎಂದು ಕೇಳಿರಿ. ನೆಟ್‌ವರ್ಕ್ ರೀಸೆಟ್ ನಿಮ್ಮ ಫೋಟೋ ಮುಟ್ಟುವುದಿಲ್ಲ, ವೈಫೈ ಪಾಸ್‌ವರ್ಡುಗಳಂಥ ಸಂಪರ್ಕದ ಆಯ್ಕೆಗಳನ್ನು ಮರೆಸುತ್ತದೆ.

ನನಗೆ ಹೆಚ್ಚಿನ ಭಯವಿರುವುದು ಎರಡನೆಯ ಸಿಮ್ಮಿನ ಬಗ್ಗೆ. ಅನೇಕರು ಹಳೆಯ ನಂಬರನ್ನು ಆಧಾರ್ ಮತ್ತು ಬ್ಯಾಂಕಿನ ಒಟಿಪಿಗೆಂದೇ ಇಟ್ಟುಕೊಂಡಿರುತ್ತಾರೆ. ಅದು ಆಫ್ ಆಗಿದ್ದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಪ್ರೀಪೇಯ್ಡ್ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದೆ ಬಿದ್ದಿದ್ದರೆ ಕಂಪನಿ ಅದನ್ನು ರದ್ದುಮಾಡಬಹುದು. ಮುಂದೆ ಆ ನಂಬರು ಮತ್ತೊಬ್ಬರ ಪಾಲಾಗುತ್ತದೆ, ನಿಮ್ಮ ಒಟಿಪಿಯೂ ಅವರಿಗೇ ಹೋಗುತ್ತದೆ. ಪಿಎಂ ಕಿಸಾನ್ ಇ-ಕೆವೈಸಿ ಒಟಿಪಿಗಾಗಿ ಕಾದು ಕುಳಿತಾಗ ಇದು ತಿಳಿದರೆ ಏನು ಪ್ರಯೋಜನ?

ಹಾಗಾದರೆ ಅಪ್‌ಡೇಟೇ ಬೇಡವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಕಳ್ಳರಿಗೆ ದಾರಿಯಾಗುವ ತೂತುಗಳನ್ನು ಮುಚ್ಚುವುದು ಅದೇ. ಆದರೆ ಮಾಲು ಮಾರುವ ದಿನ, ಬ್ಯಾಂಕಿನ ಕೆಲಸವಿರುವ ದಿನ ಬೇಡ. ಕಂಪನಿಗಳದ್ದೂ ತಪ್ಪಿದೆ. ಕೀಟನಾಶಕದ ಡಬ್ಬಿಯೊಡನೆ ಕನ್ನಡದ ಚೀಟಿ ಬರುತ್ತದೆ. ಯಾವ ಆಯ್ಕೆ ಬದಲಾಯಿತೆಂದು ಫೋನೂ ಕನ್ನಡದಲ್ಲಿ ನಾಲ್ಕು ಸಾಲು ಹೇಳಬಾರದೇ?

ಅಲ್ಲಿಯವರೆಗೆ ಸ್ಟಾರ್ಟರಿನಲ್ಲಿ ನಿಮ್ಮ ಎರಡೂ ನಂಬರುಗಳನ್ನು ನೋಂದಾಯಿಸಿಡಿ. ಮನೆಯವರೊಬ್ಬರ ನಂಬರಿಗೂ ಜಾಗವಿದ್ದರೆ ಅದನ್ನೂ ಸೇರಿಸಿರಿ.